ಬೆರಳಿಗಂಟಿದ ಸಿಹಿ

ಮಾರ್ಚ್ 3, ಬೆಳಿಗ್ಗೆ

ಓವನ್ ಕಾಯುತ್ತಿದೆ. ಮೊಟ್ಟೆ ಒಡೆದು ಹಾಕಿದೆ, ಕೇಕಿನ ಹಿಟ್ಟು ಕಲಸಿದೆ, ಬೆರಳು ಅದ್ದಿ ನೆಕ್ಕಿದೆ. ಸಿಹಿ ನೋಡದೆ ಕೇಕ್ ಒಳಗಿಡುವ ಬೇಕರಿಯವನು ಎಲ್ಲಿದ್ದಾನೆ? ಹಸಿ ಮೊಟ್ಟೆ ತಿನ್ನಬೇಡಿ ಎಂದಿದ್ದಾರೆ ಡಾಕ್ಟರಮ್ಮ. ಇದು ತಿನ್ನುವುದಲ್ಲ — ಕೆಲಸ.

ಕಳೆದ ವರ್ಷ ಅಕ್ಕ ಕೊಟ್ಟ ಕಿಡ್ನಿ ಹೊಟ್ಟೆಯ ಬಲಕ್ಕೆ ಬೆಚ್ಚಗೆ ಕೂತಿದೆ. ಅವಳ ಹಾಗೆ ಬೈಯುವುದಿಲ್ಲ, ಅಷ್ಟೇ.

ಮಾರ್ಚ್ 6

ಹೊಟ್ಟೆ ಕೆಟ್ಟಿದೆ. ಪಾಯಿಖಾನೆಗೂ ಹಾಸಿಗೆಗೂ ಓಡಾಟ. ಮೈ ಕೆಂಡ. ಮೇಲಿನ ಸೂರು ಬ್ರೆಡ್ಡಿನ ಹಿಟ್ಟಿನಂತೆ ಉಬ್ಬುತ್ತದೆ, ಇಳಿಯುತ್ತದೆ... ನೋಡಲು ಚೆನ್ನಾಗಿಯೇ ಇದೆ.

ಅಕ್ಕನ ಫೋನ್. "ದನಿ ಯಾಕೋ ಹಾಗಿದೆ?"

"ಮಲಗಿದ್ದೆ ಅಕ್ಕಾ."

"ಮಾತ್ರೆ ತಗೊಂಡ್ಯಾ?"

"ಹೂಂ."

ತಗೊಂಡಿದ್ದೆ. ವಾಂತಿಯಲ್ಲಿ ಹೋಯಿತು ಎನ್ನಲಿಲ್ಲ.

ಮಾರ್ಚ್ 10, ಆಸ್ಪತ್ರೆ

ನಡುವಿನ ದಿನಗಳು ಎಲ್ಲಿ ಹೋದವೋ. ಹೆಂಡತಿ ಕರೆತಂದಳಂತೆ. ನೆನಪಿರುವುದು ಕನಸೊಂದೇ — ನಾನೂ ಅಕ್ಕನೂ ಚಿಕ್ಕವರು, ಇಬ್ಬರಿಗೂ ಒಂದೇ ಕಂಬಳಿ. ಎಳೆದಾಡಿದೆವು. ಕೊನೆಗೆ ಅವಳೇ ಬಿಟ್ಟುಕೊಟ್ಟು ಚಳಿಯಲ್ಲಿ ಮುದುಡಿಕೊಂಡಳು.

ಡಾಕ್ಟರಮ್ಮ ಹೇಳಿದರು: "ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ. ಕರುಳಿಂದ ರಕ್ತಕ್ಕೂ ಬಂದಿದೆ. ಬೇರೆಯವರಿಗೆ ನಾಲ್ಕು ದಿನದ ಭೇದಿ, ಅಷ್ಟೇ. ನಿಮಗೆ ಹಾಗಲ್ಲ. ಕಿಡ್ನಿ ಉಳೀಲಿ ಅಂತ ನಿಮ್ಮ ಮೈಯ ಕಾವಲನ್ನೇ ಮಾತ್ರೆ ಕೊಟ್ಟು ಮಲಗಿಸಿದೀವಿ. ಹಸಿ ಮೊಟ್ಟೆ ತಿಂದ್ರಾ?"

"ತಿಂದಿಲ್ಲ... ರುಚಿ ನೋಡ್ದೆ."

ಅವರು ಅದನ್ನೂ ಫೈಲಿನಲ್ಲಿ ಬರೆದುಕೊಂಡರು.

"ಕಿಡ್ನಿ ಉಳಿಯುತ್ತಾ?"

"ಸುಸ್ತಾಗಿದೆ ಅದಕ್ಕೆ. ನಾಳೆ ರಿಪೋರ್ಟ್ ಬರಲಿ."

ಭಯವಾಗಿದೆ. ಸಾವಿಗಲ್ಲ. ಅಕ್ಕನಿಗೆ ಯಾವ ಮುಖ ತೋರಿಸಲಿ?

ಮಾರ್ಚ್ 11, ಮಧ್ಯಾಹ್ನ

ಅಕ್ಕ ಬೆಳಿಗ್ಗೆಯೇ ಬಂದಳು. ಹೆಂಡತಿ ಎಲ್ಲ ಹೇಳಿಬಿಟ್ಟಿದ್ದಾಳೆ. ಮಂಗಳಾರತಿ ಖಚಿತವೆಂದು ಕಣ್ಣು ಮುಚ್ಚಿಕೊಂಡೆ. ಬೈಯಲಿಲ್ಲ. ನನ್ನ ಕೈ ಎತ್ತಿ, ಆ ಬೆರಳನ್ನೇ ಹುಡುಕಿ ಹಿಡಿದುಕೊಂಡಳು.

"ಇನ್ನೊಂದು ಕೊಡೋಕಾಗಲ್ಲ ಕಣೋ."

"ಗೊತ್ತು ಅಕ್ಕಾ."

"ಸಿಹಿನಾದ್ರೂ ಸರಿ ಇತ್ತಾ?"

ನಗು ಬಂತು. ಆಮೇಲೆ ಅಳು, ತಡೆಯಲಾಗಲಿಲ್ಲ.

ಈಗ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಳೆ. ಡ್ರಿಪ್ ಇಲ್ಲದ ಕೈಯಿಂದ ಕಂಬಳಿಯ ಅರ್ಧ ಎಳೆದು ಅವಳಿಗೆ ಹೊದಿಸಿದೆ. ಕಿಟಕಿಯ ಬಿಸಿಲು ಹಿಟ್ಟಿನ ಪುಡಿಯ ಹಾಗೆ ಇಬ್ಬರ ಮೇಲೂ...

ಬಾಗಿಲಲ್ಲಿ ಡಾಕ್ಟರಮ್ಮ. ಕೈಯಲ್ಲಿ ರಿಪೋರ್ಟ್. ನಗುತ್ತಿದ್ದಾರೆ. ಅಕ್ಕನನ್ನು ಎಬ್ಬಿಸಬೇಕು, ಅವಳೇ ಮೊದಲು ಕೇಳ—