ಮಜ್ಜಿಗೆಯಲ್ಲಿ ಅದ್ದಿದ ಹಸಿ ಮೆಂತ್ಯ

ಊರಿನ ಊಟದ ಶುಚಿತ್ವ ಕಾಯುವ ಮಾನ್ಯ ಅಧಿಕಾರಿಗಳೇ,

ರಾಯಾಪುರದ ಸತ್ಯವ್ವನ ಖಾನಾವಳಿಗೆ ನೀವು ಬೀಗ ಹಾಕಿ ಇಂದಿಗೆ ಇಪ್ಪತ್ತು ದಿನ. ಅವಳ ತಪ್ಪು ಒಂದೇ: ನಿಮ್ಮ ಕಚೇರಿಯ ಕರಪತ್ರವನ್ನು ಓದಿಸಿಕೊಂಡು, ನಂಬಿ, ಅದರಂತೆ ನಡೆದಳು. ಸರಕಾರಿ ಕಾಗದವನ್ನು ಚಾಚೂ ತಪ್ಪದೆ ಪಾಲಿಸಿದವರಿಗೆ ಇಂಥ ಶಿಕ್ಷೆ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಆ ಕರಪತ್ರಕ್ಕೆ ನಾನೂ ಕಾರಣ, ಅದಕ್ಕೇ ಬರೆಯುತ್ತಿದ್ದೇನೆ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ, ಮೊಸರಿನ ಸೂಕ್ಷ್ಮಜೀವಿಗಳು ತಯಾರಿಸುವ ಪೆಪ್ಟೈಡುಗಳ ಬೆನ್ನು ಹತ್ತಿ ನನಗೆ ಒಂಬತ್ತು ವರ್ಷವಾಯಿತು. ಪೆಪ್ಟೈಡ್ ಎಂದರೆ ಪ್ರೋಟೀನಿನ ಸಣ್ಣ ತುಣುಕು. ಕೆಲವು ತುಣುಕುಗಳು ರೋಗಾಣುಗಳನ್ನು ಹೊಡೆಯುತ್ತವೆ. ಊಟದ ಮೂಲಕ ಹರಡುವ ವಾಂತಿಭೇದಿಯ ವೈರಸ್ಸಿನ ಮೇಲೂ ಒಂದು ತುಣುಕು ಸ್ವಲ್ಪ ಕೆಲಸ ಮಾಡಿತು. ಎಲ್ಲಿ? ಗಾಜಿನ ತಟ್ಟೆಯಲ್ಲಿ, ಯಾವ ಮಜ್ಜಿಗೆಯಲ್ಲೂ ಇರದಷ್ಟು ಗಟ್ಟಿಯಾಗಿ ಹಾಕಿದಾಗ. ನಿಮ್ಮ ತರಬೇತಿ ಸಭೆಯಲ್ಲಿ ಇಷ್ಟನ್ನೂ ಹೇಳಿದೆ. ಕೊನೆಗೆ ಚಪ್ಪಾಳೆಯ ಆಸೆಗೆ, "ನಮ್ಮ ಮಜ್ಜಿಗೆ ಗಡಿಗೆಯಲ್ಲೇ ಔಷಧ ಅಡಗಿದೆ" ಎಂದೂ ಅಂದುಬಿಟ್ಟೆ. ನೀವು ಉಳಿದದ್ದನ್ನೆಲ್ಲ ಬಿಟ್ಟು ಅದೊಂದನ್ನೇ ಎತ್ತಿಕೊಂಡಿರಿ. "ಹಸಿ ಸೊಪ್ಪನ್ನು ಮಜ್ಜಿಗೆಯಲ್ಲಿ ಅದ್ದಿರಿ, ವೈರಸ್ ಓಡಿಸಿರಿ!" ಕೆಳಗೆ ನಿಮ್ಮ ಮೊಹರು, ಅದರ ಪಕ್ಕ ನನ್ನ ಹೆಸರು. ಅಲ್ಲ ಸ್ವಾಮಿ, ಯಾರನ್ನು ಕೇಳಿ ಅಚ್ಚು ಹಾಕಿಸಿದಿರಿ?

ರೊಟ್ಟಿಯ ಜೊತೆ ಹಸಿ ಮೆಂತ್ಯ, ಉಳ್ಳಾಗಡ್ಡಿ ಇಲ್ಲದಿದ್ದರೆ ನಮ್ಮವರಿಗೆ ತುತ್ತು ಇಳಿಯುವುದಿಲ್ಲ. ಸತ್ಯವ್ವ ಇಷ್ಟು ವರ್ಷ ಮೆಂತ್ಯವನ್ನು ನಳದ ನೀರಿನಲ್ಲಿ ಮೂರು ಸಲ ತೊಳೆದೇ ಬಡಿಸಿದವಳು. ಕರಪತ್ರ ಬಂದ ಮೇಲೆ ನೀರಿನ ಬದಲು ಒಮ್ಮೆ ಮಜ್ಜಿಗೆಯಲ್ಲಿ ಅದ್ದಿ ತಟ್ಟೆಗೆ ಹಾಕಿದಳು. ಹನ್ನೊಂದು ಜನ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು. ನಿಮ್ಮವರು ಮಜ್ಜಿಗೆ ಒಯ್ದು ಬ್ಯಾಕ್ಟೀರಿಯಾ ಹುಡುಕಿದರು, ಸಿಗಲಿಲ್ಲ. ವೈರಸ್ ಹುಡುಕಿದರೇ? ಇಲ್ಲ. ಸೊಪ್ಪನ್ನಾದರೂ ಒಯ್ದರೇ? ಅದೂ ಇಲ್ಲ. ವೈರಸ್ಸೇ ಎಂದು ನಾನೂ ಆಣೆ ಮಾಡಲಾರೆ, ಹುಡುಕಿದ್ದರೆ ತಿಳಿಯುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, "ಅಡುಗೆಯವಳ ಅಶುಚಿತ್ವ" ಎಂದು ಬರೆದು ಬಾಗಿಲು ಹಾಕಿಸಿದಿರಿ.

ಮೊನ್ನೆ ಹೋಗಿದ್ದೆ. ಬೀಗ ಬಿದ್ದ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಬಾಗಿಲ ಮೇಲೆ ನಿಮ್ಮ ನೋಟಿಸು, ಪಕ್ಕದ ಗೋಡೆಯ ಮೇಲೆ ನಿಮ್ಮ ಕರಪತ್ರ, ಎರಡಕ್ಕೂ ಅದೇ ಮೊಹರು.

"ಮೂರ್ ಸಲ ನೀರಾಗ ತೊಳಿಯೂದು ಬಿಟ್ಟೆ ಅಕ್ಕಾರ. ಕಲ್ತವ್ರು ಹೇಳ್ಯಾರ, ನಮಗಿಂತ ಅವರಿಗೆ ಹೆಚ್ಚು ಗೊತ್ತಿರ್ತೈತಿ ಅಂದ್ಕೊಂಡೆ," ಎಂದಳು. "ದಿನಾ ಉಣ್ಣಾಕ ಬರ್ತಿದ್ದ ಮಂದಿ ಈಗ ನನ್ನ ಕೈಯಾಗಿಂದು ನೀರೂ ಕುಡಿಯಂಗಿಲ್ರಿ."

ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತಿದೆ.

ಕರಪತ್ರವನ್ನು ಹಿಂದಕ್ಕೆ ತೆಗೆದುಕೊಳ್ಳಿ. ವೈರಸ್ ಪರೀಕ್ಷೆ ಮಾಡಿಸದೆ ಇನ್ನೊಬ್ಬರ ಅನ್ನಕ್ಕೆ ಬೀಗ ಜಡಿಯಬೇಡಿ. ಸತ್ಯವ್ವನ ಬೀಗ ತೆಗೆಯಲು ಮಾತ್ರ ಸಿಪಾಯಿಯನ್ನು ಕಳಿಸದೆ ನೀವೇ ಬನ್ನಿ; ಓಣಿಯ ಜನರೆದುರು ತಪ್ಪು ನಮ್ಮದು ಎನ್ನಿ. ಪಕ್ಕದಲ್ಲಿ ನಿಂತು ನಾನೂ ಅದನ್ನೇ ಹೇಳುತ್ತೇನೆ. ಆಮೇಲೆ ಎಲ್ಲರ ಕಣ್ಣೆದುರು ಇಬ್ಬರೂ ಅವಳ ಕೈಯ ರೊಟ್ಟಿ, ಹಸಿ ಮೆಂತ್ಯ ಉಣ್ಣೋಣ. ಅದನ್ನು ಹೇಗೆ ತೊಳೆಯಬೇಕೆಂದು ಈ ಸಲ ಅವಳಿಗೆ ಯಾರೂ ಹೇಳಿಕೊಡುವುದು ಬೇಡ.

ಇಂತಿ,
ಒಂದು ಚಪ್ಪಾಳೆಗೆ ಮಾರುಹೋದ
ಜಯಮಾಲಾ
ಮಾಳಮಡ್ಡಿ, ಧಾರವಾಡ