ಅಲ್ಲಾಡಿಸದ ಬಾಟಲಿ

ತರೀಕೆರೆ
14-8-2025, ಗುರುವಾರ

ಪ್ರೀತಿಯ ಚಿಕ್ಕಮ್ಮಾ,

ಮಂಡಿನೋವು ಹೇಗಿದೆ? ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತೀಯೆಂದು ನಿನ್ನ ಅಣ್ಣ ಚಾಡಿ ಹೇಳಿದ್ದಾರೆ. ರಕ್ತದಲ್ಲಿ ಔಷಧಿ ಎಷ್ಟಿದೆಯೆಂದು ಅಳೆಯುವುದೇ ನನ್ನ ಹನ್ನೆರಡು ವರ್ಷದ ಸಂಶೋಧನೆ, ನನ್ನ ಹತ್ತಿರ ಕಳ್ಳಾಟ ನಡೆಯುವುದಿಲ್ಲ. ಫೋನ್ ಮಾಡಿದರೆ ಅಳುತ್ತೀಯ, ಅದಕ್ಕೇ ಬಸ್ಸಿನವರ ಕೈಯಲ್ಲಿ ಈ ಕಾಗದ.

ದೊಡ್ಡಪ್ಪ ಗಂಗಾಧರಯ್ಯನವರು ಇಲ್ಲಿನ ನರ್ಸಿಂಗ್ ಹೋಮಿನಲ್ಲಿ ಮಲಗಿದ್ದಾರೆ. ಗಾಬರಿಯಾಗಬೇಡ, ಬದುಕುತ್ತಾರೆ. ಬದುಕಲೇಬೇಕು, ನನಗೆ ಅವರ ಹತ್ತಿರ ಕೆಲಸವಿದೆ. ಹೋದ ವರ್ಷದಿಂದ ಅವರಿಗೂ ಫಿಟ್ಸ್, ನನ್ನ ತಮ್ಮ ಕಲ್ಲೇಶನಿಗಿದ್ದ ಹಾಗೆಯೇ. ಮಾತ್ರೆ ನುಂಗಲಾರರೆಂದು ಅವನಿಗೆ ಕೊಡುತ್ತಿದ್ದ ಅದೇ ಸಿರಪ್ ಬರೆದುಕೊಟ್ಟಿದ್ದಾರೆ. ಕಡೂರಿನ ಮನೆಯಲ್ಲಿ ಸೊಸೆ ಸಂಗೀತಾ ಅಳೆದು ಕುಡಿಸುತ್ತಾಳೆ. ಮೊನ್ನೆ ನಾಲಿಗೆ ತೊದಲಿ, ಕುಡಿದವರಂತೆ ತೂರಾಡಿ ಬಿದ್ದರಂತೆ. ಬಿದ್ದಲ್ಲಿಂದಲೇ ಏನೆಂದರು ಗೊತ್ತೆ? "ಇವ್ಳು ಊಟದಲ್ಲಿ ನಂಗೆ ಮದ್ದು ಹಾಕವ್ಳೆ ಕಣ್ರೋ!" ಇಪ್ಪತ್ತಾರು ವರ್ಷದ ಹಿಂದೆ ನಿನ್ನ ಮೇಲೆ ಹೊರಿಸಿದ್ದೂ ಇದನ್ನೇ.

ಡಾಕ್ಟರು ಕಳಿಸಿದ ರಕ್ತ ಶಿವಮೊಗ್ಗದ ನನ್ನ ಲ್ಯಾಬಿಗೇ ಬಂತು. ಇಪ್ಪತ್ತು ದಾಟಬಾರದ ಔಷಧಿ ಮೂವತ್ತೆಂಟಿತ್ತು. ಹೆಸರು ನೋಡಿ ಒಂದು ನಿಮಿಷ ಕೈಕಟ್ಟಿ ಕೂತೆ. ಸುಳ್ಳು ಹೇಳುವುದಿಲ್ಲ ಚಿಕ್ಕಮ್ಮಾ, ಆ ಒಂದು ನಿಮಿಷ ಬಹಳ ಸುಖವಾಗಿತ್ತು. ಆಮೇಲೆ ಫೋನ್ ಮಾಡಿ ಔಷಧಿ ನಿಲ್ಲಿಸಲು ಹೇಳಿದೆ. ಮನೆಯಲ್ಲಿದ್ದ ಬಾಟಲಿಗಳನ್ನೂ ತರಿಸಿಕೊಂಡೆ.

ಬಾಟಲಿಯ ಕುತ್ತಿಗೆಗೆ ವಿಭೂತಿ ಬಳಿದಿತ್ತು. ನೋಡಿದೊಡನೆ ಎಲ್ಲ ನೆನಪಾಯಿತು. ದೇವರಕೋಣೆಯಲ್ಲಿಟ್ಟ ಔಷಧಿ ತೀರ್ಥವಿದ್ದ ಹಾಗೆ, ಕಲಕದೆ ಮೆಲ್ಲಗೆ ಬಗ್ಗಿಸಬೇಕು ಎಂಬುದು ದೊಡ್ಡಪ್ಪನ ಕಟ್ಟಳೆ. ಚೆನ್ನಾಗಿ ಅಲ್ಲಾಡಿಸಿ ಎಂದು ಲೇಬಲ್ಲಿನಲ್ಲಿದೆ ಅಂತ ನೀನು ಹೇಳಿದ್ದಕ್ಕೆ, "ಲೇಬಲ್ ದೊಡ್ದೋ, ದೇವ್ರು ದೊಡ್ಡೋನೋ?" ಎಂದು ಗದರಿದ್ದರು. ಈ ಔಷಧಿ ತಳಕ್ಕಿಳಿದು ಕೂರುತ್ತದೆ. ಅಲ್ಲಾಡಿಸದಿದ್ದರೆ ಮೇಲಿನದು ಬರೀ ಸಿಹಿನೀರು, ತಳದ್ದು ವಿಷ. ಈ ಬಾಟಲಿಗಳನ್ನು ಲ್ಯಾಬಿನಲ್ಲಿ ಅಳೆದಾಗಲೂ ಅದೇ ಬಂತು. ಬಾಟಲಿ ಮುಗಿಯುತ್ತ ಬಂದಾಗಲೆಲ್ಲ ಕಲ್ಲೇಶ ತೂರಾಡುತ್ತಿದ್ದ. ಹೊಸದು ತೆರೆದ ವಾರದಲ್ಲೇ ಫಿಟ್ಸ್ ಬಂದು ಕೆರೆಗೆ ಬಿದ್ದು ಹೋದ. ಮಲತಾಯಿ ಮದ್ದು ಹಾಕಿ ಕೊಂದಳು ಎಂದು ನಿನ್ನನ್ನು ಅಜ್ಜಂಪುರದ ತವರಿಗೆ ಅಟ್ಟಿದರು, ಅಪ್ಪ ಬಾಯಿಬಿಡಲಿಲ್ಲ. ಇವತ್ತಿಗೂ ಮದುವೆ ಮನೆಗಳಲ್ಲಿ ನೀನು ಬಡಿಸಲು ಬಂದರೆ ನಮ್ಮ ನೆಂಟರು ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ.

ಬರುವ ಸೋಮವಾರ ಶ್ರಾವಣದ ಕಡೇ ಸೋಮವಾರ. ಕಡೂರಿನ ಮನೆಗೆ ಅದೇ ನೆಂಟರೆಲ್ಲ ಊಟಕ್ಕೆ ಬರುತ್ತಾರೆ, ಅಷ್ಟರಲ್ಲಿ ದೊಡ್ಡಪ್ಪನೂ ಮನೆಗೆ ಹೋಗಿರುತ್ತಾರೆ. ಪಂಕ್ತಿಯ ನಡುವೆ ನಿಂತು ರಿಪೋರ್ಟ್ ಓದುತ್ತೇನೆ. ರೋಗಿಯ ರಿಪೋರ್ಟ್ ಊರಿಗೆ ಸಾರಬಾರದೆಂಬ ನಿಯಮ ನನಗೂ ಗೊತ್ತು, ನಾನು ಓದುವುದು ಬಾಟಲಿಯದನ್ನು. ಸಂಗೀತಾಳಿಗೆ ಹೇಳಿದೆ. "ನೀವು ಓದಿ ಅಕ್ಕ, ಬಾಗ್ಲು ನಾನ್ ಹಾಕ್ಕೋತೀನಿ, ಒಬ್ರೂ ಎದ್ದೋಗ್ಬಾರ್ದು" ಅಂದಳು. ದೊಡ್ಡಪ್ಪ ಕ್ಷಮೆ ಕೇಳುವುದು ನನಗೆ ಬೇಡ, ಕೇಳಿ ಮರೆತುಬಿಡುತ್ತಾರೆ. ನಿನ್ನ ಕೈಯಿಂದ ಮಜ್ಜಿಗೆ ಕುಡಿಯಬೇಕು, ಎಲ್ಲರೆದುರು, ಲೋಟ ಖಾಲಿಯಾಗುವ ತನಕ. ಅವರ ಗಂಟಲಲ್ಲಿ ಅದು ಇಳಿಯುವುದನ್ನು ನಾನು ಕಣ್ಣಾರೆ ನೋಡಬೇಕು. ಬೆಳಗಿನ ಮೊದಲ ಬಸ್ಸಿಗೆ ಬಂದುಬಿಡು, ಒಲ್ಲೆ ಅನ್ನಬೇಡ.

ನಿನ್ನ ಅಣ್ಣನಿಗೆ ನಮಸ್ಕಾರ ಹೇಳು. ನಿನ್ನ ನೋಯುವ ಕಾಲಿಗೆ ಇಲ್ಲಿಂದಲೇ ಎರಗುವ,

ನಿನ್ನ ಮಗಳು,
ಸ್ಫೂರ್ತಿ

ಇನ್ನೊಂದು ಮಾತು: ಇದನ್ನು ಬರೆಯದೆ ಕವರು ಅಂಟಿಸಿಬಿಡಬೇಕೆಂದಿದ್ದೆ. ಅವತ್ತು ದೊಡ್ಡಪ್ಪ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ, "ಇವ್ಳು ಹಾಲಿಗೆ ಏನಾದ್ರೂ ಹಾಕಿದ್ನ ನೋಡ್ದೇನೇ?" ಎಂದಾಗ ಹೂಂ ಎಂದವಳು ನಾನು. ಏನನ್ನೂ ನೋಡಿರಲಿಲ್ಲ. ಒಂಬತ್ತು ವರ್ಷದವಳಿಗೆ ಅಮ್ಮನ ಜಾಗಕ್ಕೆ ನೀನು ಬಂದೆಯೆಂಬ ಸಿಟ್ಟು. ನೀನು ಒಂದು ದಿನವೂ ಆ ಮಾತು ಎತ್ತಲಿಲ್ಲ. ನಿನ್ನ ಮನೆಗೆ ಬಂದಾಗಲೆಲ್ಲ 'ಈಗ ತಾನೇ ಕುಡಿದೆ' ಎಂದು ನಾನೂ ಲೋಟ ಪಕ್ಕಕ್ಕಿಟ್ಟಿದ್ದೇನೆ, ಕುಡಿಯುವ ಮುಖವಿರಲಿಲ್ಲ. ಸೋಮವಾರ ರಿಪೋರ್ಟಿಗೆ ಮೊದಲು ಇದನ್ನೇ ಹೇಳುತ್ತೇನೆ. ಮೊದಲ ಲೋಟ ನನಗೆ. ಕೊಡುತ್ತೀಯಾ?