ಒಂದು ಜೊತೆ ಶೂ, ಎರಡು ಜೊತೆ ಕಾಲು

ಮನೆಯಿಂದ
ಜೂನ್ ೨೧, ಭಾನುವಾರ

ನನ್ನ ಉದ್ದ ಕಾಲಿನ, ಇನ್ನೂ ಉದ್ದ ನಾಲಿಗೆಯ ಮಗಳೇ,

ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು. ಉತ್ತರ ತಡವಾಯಿತು. ಕೆಲಸವಿತ್ತು ಅಂದರೆ ಅರ್ಧ ಸುಳ್ಳು, ಸಿಟ್ಟಿತ್ತು ಅಂದರೆ ಅದೂ ಅರ್ಧ ಸುಳ್ಳು. ಎರಡೂ ಸೇರಿಸಿ ನೀನೇ ಒಂದು ನಿಜ ಮಾಡಿಕೋ. ಫೋನಿನಲ್ಲಿ ಯಾಕೆ ಮಾತಾಡಲ್ಲ ಅಂತ ಕೇಳಿದ್ದೀಯ. ಫೋನಿನಲ್ಲಿ ನೀನು ‘ಹ್ಞೂಂ’, ‘ಹ್ಞೂಂ’ ಅನ್ನುತ್ತೀಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ಕಾಗದದ ಮುಂದೆ ಹಾಗೆ ಮಾಡಲಾಗದು.

ನಿನ್ನಪ್ಪ ಚೆನ್ನಾಗಿದ್ದಾನೆ. ಈ ಸಲದ ಮೊದಲ ಪಂದ್ಯವೇ ಹೆಂಡತಿಯ ತಂಡಕ್ಕೂ ಮಗಳ ತಂಡಕ್ಕೂ ಅಂತ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಾ ಊರಿಗೆಲ್ಲ ಸಾರಿದ್ದಾನೆ. “ನಾನು ಯಾರ ಕಡೆ ಕೂತ್ಕೊಳ್ಳಲಿ ಮಾರಾಯ್ತಿ?” ಅಂತ ದಿನಾ ಒಂದೇ ಪ್ರಶ್ನೆ. “ನಿಂತ್ಕೋ. ಕಂಡಕ್ಟರಿಗೆ ನಿಲ್ಲೋದು ಹೊಸದಾ?” ಅಂದೆ. 

ಈ ವರ್ಷ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡ ಹೇಗಿದೆ ಅಂತ ಕೇಳಿದ್ದೀಯ. ಮಗಳಾಗಿ ಕೇಳಿದ್ದೋ, ಎದುರಾಳಿಯಾಗಿ ಕೇಳಿದ್ದೋ? ಯಾವುದಾದರೂ ಇರಲಿ, ಹೇಳುತ್ತೇನೆ. ಬಚ್ಚಿಡಲು ನಮ್ಮ ಹತ್ತಿರ ಏನಿದೆ? ಬೀಗ ಹಾಕುವಂಥ ಕೋಣೆಯೇ ನಮಗಿಲ್ಲ. ಒಳಾಂಗಣದ ಕೋರ್ಟು ಇವತ್ತಿಗೂ ಗಂಡುಹುಡುಗರದ್ದೇ. ಅಲ್ಲಿ ಮರದ ನೆಲ, ಫ್ಯಾನು, ಕನ್ನಡಿ. ನಮಗೆ ಸಂಜೆ ಕಾಲೇಜಿನ ಹಿಂದಿನ ಅದೇ ಸಿಮೆಂಟು, ಅದೇ ಬಿರುಕು, ಒಂದು ಕಡೆ ವಾಲಿದ ಅದೇ ರಿಂಗು. ಮೊನ್ನೆ ಬೆಸುಗೆಯವನನ್ನು ಕರೆಸಿ ನೆಟ್ಟಗೆ ಮಾಡಿಸಿದೆ. ಈಗ ಯಾರ ಚೆಂಡೂ ಬುಟ್ಟಿಗೆ ಬೀಳುತ್ತಿಲ್ಲ! ವಾಲಿದ್ದಕ್ಕೇ ಎಲ್ಲರ ಕೈ ಪಳಗಿಬಿಟ್ಟಿತ್ತು. ನಮ್ಮ ದೊಡ್ಡ ಗಂಟಲಿನ ಸೈರನ್ ಬಂದು, “ಮಿಸ್, ದಯವಿಟ್ಟು ಮತ್ತೆ ವಾಲಿಸಿಬಿಡಿ” ಅಂತ ಕೈ ಮುಗಿದಳು.

ಸೈರನ್ ಹಾಗೇ ಇದ್ದಾಳೆ. ಹಗಲೆಲ್ಲ ಹೊಲಿಗೆ ಕಾರ್ಖಾನೆಯ ಮೆಷಿನ್ನಿನ ಸದ್ದಿನಲ್ಲಿ ಕೂಗಿ ಕೂಗಿ ಗಂಟಲು ಬೆಳೆದಿದೆ. ಸಂಜೆ ಚೆಂಡು ಬೇಕೆಂದು ಅವಳು ಕೂಗಿದರೆ ಎದುರು ತಂಡದವರೂ ಗಾಬರಿಯಾಗಿ ಅವಳಿಗೇ ಕೊಟ್ಟುಬಿಡುತ್ತಾರೆ. ದೂರದಿಂದ ಎಸೆಯುವ ಕೈ ಮೊದಲಿಗಿಂತ ಪಕ್ಕಾ ಆಗಿದೆ. ನಮ್ಮ ಲೈಟುಕಂಬ ಬುಟ್ಟಿಯ ಕೆಳಗೆ ನಿಂತರೆ ಚೆಂಡು ಅವಳನ್ನೇ ಹುಡುಕಿಕೊಂಡು ಬರುತ್ತದೆ. ಅವಳಿಗೆ ಇದ್ದ ಕೊರತೆ ನಿನಗೆ ಗೊತ್ತಲ್ಲ, ಅವಳ ಶೂ ಇನ್ಯಾರ ಕಾಲಿಗೂ ಆಗುತ್ತಿರಲಿಲ್ಲ. ಶೂ ಹಂಚಿಕೊಳ್ಳುವವರಿಲ್ಲದೆ ಅವಳಿಗೆ ಬದಲಿ ಆಟಗಾರ್ತಿಯೇ ಇರಲಿಲ್ಲ. ಈ ಸಲ ಕಾಲೇಜಿಗೆ ಸೇರುವವರ ಸಾಲಿನ ಪಕ್ಕ ಸುಮ್ಮನೆ ನಿಂತೆ. ಯಾರ ಮುಖವನ್ನೂ ನೋಡಲಿಲ್ಲ, ಬರೀ ಪಾದ ನೋಡಿದೆ. ಕೊನೆಗೆ ಸಿಕ್ಕಳು! ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವಳು. ಜನ್ಮದಲ್ಲಿ ಚೆಂಡು ಮುಟ್ಟಿದವಳಲ್ಲ. “ನಿನ್ನ ಪಾದ ಎಷ್ಟಮ್ಮ?” ಅಂದಾಗ ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು. ಈಗ ಎಲ್ಲರೂ ಅವಳನ್ನು ಮಹಾಪಾದ ಅನ್ನುತ್ತಾರೆ. ಪೆಟ್ಟಿಗೆ ಎತ್ತಿದ ಹಾಗೇ ಚೆಂಡು ಎತ್ತುತ್ತಾಳೆ, ಬೀಳಿಸುವುದಿಲ್ಲ. ಓಡುವುದು ಕಲಿಸಬೇಕು.

ನಿನ್ನ ಹೊಸ ಕಾಲೇಜಿನವರಿಗೆ ಇದನ್ನು ಹೇಳಿದರೆ ನಕ್ಕಾರು. ಅವರ ಕೋಚು ಎತ್ತರ ನೋಡಿ, ವೇಗ ನೋಡಿ ತಂಡ ಕಟ್ಟುತ್ತಾನೆ. ನಾನು ಅಂಗಾಲಿನ ಅಳತೆ ನೋಡಿ ಕಟ್ಟುತ್ತೇನೆ. ನಗಲಿ ಬಿಡು. ವರ್ಷಕ್ಕೊಂದು ಸಲ ನಮ್ಮ ಕಾಲೇಜಿನ ಕಾರ್ಯದರ್ಶಿಯ ಮೇಜಿನ ಮುಂದೆ ನಿಂತು ಶೂ ಕೇಳುತ್ತೇನೆ. ಈ ವರ್ಷವೂ ಕೇಳಿದೆ. “ಹುಡುಗಿಯರು ಆಡೋದು ಹವ್ಯಾಸಕ್ಕೆ ಅಲ್ವೇನಮ್ಮ?” ಅಂದ. “ನೀವು ಆ ಕುರ್ಚೀಲಿ ಕೂತಿರೋದೂ ಹವ್ಯಾಸಕ್ಕೇ. ಆದ್ರೂ ಅದಕ್ಕೆ ದಿಂಬು ಹಾಕ್ಸಿಕೊಂಡಿದ್ದೀರಲ್ಲ” ಅಂದೆ. ಬಾಗಿಲು ತೋರಿಸಿದ. ಬಾಗಿಲು ನನಗೆ ಮೊದಲೇ ಗೊತ್ತಿತ್ತು.

ನಿನಗೆ ನೆನಪಿದೆಯೋ ಇಲ್ಲವೋ. ನಾವು ಮೊದಲನೇ ತಂಡದವರು ಆ ಮರದ ನೆಲದ ನಟ್ಟನಡುವೆ ಬರಿಗಾಲು ಚಾಚಿ ಕೂತಿದ್ದೆವು. ‘ನಮ್ಮ ಕಾಲು ನೋಡಿ, ಆಮೇಲೆ ಆಡಿ’ ಅಂತ ಕೂಗು. ನೀನು ಆಗ ಚೆಂಡಿನ ಚೀಲಕ್ಕೆ ತಲೆಯಿಟ್ಟು ಮಲಗುವಷ್ಟು ಪುಟ್ಟವಳು. ನಮ್ಮನ್ನು ಎತ್ತಿ ಹೊರಗೆ ಹಾಕಿದರು. ಕೋರ್ಟು ಸಿಗಲಿಲ್ಲ. ಆದರೆ ಮಾರನೇ ಸಂಜೆ ಕಾರ್ಖಾನೆ ಬಿಟ್ಟು ಬಂದ ಹೆಂಗಸರು ತಂತಮ್ಮ ಮನೆಯಲ್ಲಿದ್ದ ಹಳೇ ಶೂಗಳನ್ನೆಲ್ಲ ತಂದು ಸಿಮೆಂಟಿನ ಮೇಲೆ ಸುರಿದರು. ತಮ್ಮನದು, ಗಂಡನದು, ಯಾರೋ ಎಸೆದಿದ್ದು. ಆ ರಾಶಿಯ ಸುತ್ತ ಕೂತು ಕಾಲು ತೂರಿಸಿ ತೂರಿಸಿ ನೋಡಿದೆವು. ಕಾಲಿಗಿಂತ ಶೂ ಕಡಿಮೆ. ಇಬ್ಬಿಬ್ಬರಿಗೆ ಒಂದು ಜೊತೆ ಬಂತು. ಕಾಲುಜೋಡಿ ಅನ್ನುವುದು ಹುಟ್ಟಿದ್ದು ಹಾಗೆ. ಒಬ್ಬಳು ಅಂಕಣದಿಂದ ಹೊರಬಂದು ಶೂ ಬಿಚ್ಚಬೇಕು, ಇನ್ನೊಬ್ಬಳು ಅದರ ಬಿಸಿ ಆರುವ ಮೊದಲೇ ಹಾಕಿಕೊಂಡು ಒಳಗೋಡಬೇಕು. ಒಮ್ಮೆ ರೆಫರಿ ಸೀಟಿ ಊದಿ ಇದೇನು ನಾಟಕ ಅಂದ. ಒಂದು ಶೂವಿಗೆ ಒಬ್ಬಳೇ ಒಡತಿ ಇರಬೇಕು ಅಂತ ಯಾವ ನಿಯಮದಲ್ಲಿದೆ, ಓದಿ ಹೇಳಿ ಅಂದೆ. ಇಡೀ ಪುಸ್ತಕ ಮಗುಚಿ ಹಾಕಿ, ಬೆವರು ಒರೆಸಿಕೊಂಡು, ಆಟ ಮುಂದುವರಿಸಿ ಅಂದ.

ನೀನು ದೊಡ್ಡವಳಾಗಿ ತಂಡಕ್ಕೆ ಬಂದಾಗ ರಾಶಿಯಲ್ಲಿ ನಿನಗೂ ಗುಬ್ಬಿಗೂ ಒಂದೇ ಶೂ ಸಿಕ್ಕಿತು. ನೀನು ಅಷ್ಟುದ್ದ, ಅವಳು ನಿನ್ನ ಭುಜದ ಕೆಳಗೆ, ಪಾದ ಮಾತ್ರ ಅಚ್ಚು ಹಾಕಿದಂತೆ ಒಂದೇ. ಬಟನ್ ಅಂಗಡಿಯಲ್ಲಿ ಕೆಲಸ ಮಾಡುವ ಗುಬ್ಬಿ ಲೇಸು ಕಟ್ಟಿಕೊಂಡರೆ ಬಿಚ್ಚಲು ಬರದ ಗಂಟು. ನೀನು ಬೆಂಚಿನಲ್ಲಿ ಕೂತು, “ಲೇ, ಇದೇನು ಶೂ ಗಂಟೋ ಮದುವೆ ಗಂಟೋ!” ಅಂತ ಹಲ್ಲಿನಲ್ಲಿ ಬಿಚ್ಚುತ್ತಿದ್ದೆ. ಇಬ್ಬರೂ ನಕ್ಕು ನಕ್ಕು ಒಂದು ಅಂಕ ಸೋತಿದ್ದೂ ಉಂಟು. ನಾನು ಬೈದಿದ್ದೆ. ಈಗ ಆ ನಗು ಕೇಳಲು ಅಂಥ ಹತ್ತು ಅಂಕ ಬೇಕಾದರೂ ಕೊಟ್ಟೇನು.

ಈಗ ನಿಜವಾದ ಸುದ್ದಿಗೆ ಬರುತ್ತೇನೆ. ಮೊದಲ ಪಂದ್ಯ ನಿಮ್ಮ ಮೇಲೆ ಅಂತ ಗೊತ್ತಾದ ದಿನ ಎಲ್ಲರೂ ನನ್ನ ಸುತ್ತ ಕೂತರು.

“ಮಿಸ್, ನಿಮ್ಮ ಮಗಳನ್ನ ತಡೆಯೋದು ಹೇಗೆ?” ಅಂದಳು ಸೈರನ್.

ನಾನು ಚೆಂಡುಗಳನ್ನು ಚೀಲಕ್ಕೆ ತುಂಬತೊಡಗಿದೆ.

“ಹುಟ್ಟಿದಾಗಿಂದ ನೋಡಿದ್ದೀರಿ. ಒಂದು ಸಣ್ಣ ಗುಟ್ಟೂ ಗೊತ್ತಿಲ್ವಾ?”

“ಗೊತ್ತಿದೆ. ಹೇಳಲ್ಲ.”

“ಇದ್ಯಾವ ನ್ಯಾಯ ಮಿಸ್? ನ್ಯಾಯ ನ್ಯಾಯ ಅಂತ ನಮ್ಮ ಕಿವಿ ತೂತು ಮಾಡಿದ್ದು ನೀವೇ ತಾನೆ? ಅವಳ ಹತ್ರ ಡಾಕ್ಟ್ರಿದ್ದಾರೆ, ಮರದ ನೆಲ ಇದೆ, ಸ್ವಂತಕ್ಕೆ ಮೂರು ಜೊತೆ ಶೂ ಇದೆ. ನಮ್ಮ ಹತ್ರ ನೀವೊಬ್ರೇ ಇರೋದು. ನೀವೂ ಅವಳ ಕಡೇನಾ?”

ಮಗಳೇ, ಮೈಕು ಹಿಡಿದು ನೂರಾರು ಜನರೆದುರು ಮಾತಾಡಿದವಳು ನಾನು. ಈ ಹುಡುಗಿಗೆ ಇಷ್ಟೇ ಅಂದೆ: “ಅಂಕಣದಲ್ಲಿ ನೋಡಿ ತಿಳಿದಿದ್ರೆ ಹೇಳ್ತಿದ್ದೆ ಕಣೇ. ಇದು ಅವಳ ಹಾಸಿಗೆ ಪಕ್ಕ ಕೂತು, ಬಿಸಿನೀರಿನ ಬಟ್ಟೆ ಹಿಂಡಿ ಹಿಂಡಿ ಇಡುವಾಗ ತಿಳಿದಿದ್ದು. ಅದನ್ನ ತಂದು ಇಲ್ಲಿ ಹರವಿದ್ರೆ ನಾಳೆ ನಿಮ್ಮಮ್ಮಂದಿರನ್ನೂ ನೀವು ನಂಬಲಾರಿರಿ.” ಒಪ್ಪಲಿಲ್ಲ.

ನಿನ್ನ ಬಲಮಂಡಿಯ ವಿಷಯ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಸಿಮೆಂಟಿನ ಬಿರುಕಿಗೆ ಕಾಲು ಸಿಕ್ಕಿ ಬಿದ್ದಾಗ ನೀನಿನ್ನೂ ಶಾಲೆಯ ಹುಡುಗಿ. ಅವತ್ತಿನಿಂದ ಬಲಗಾಲನ್ನು ನೆಚ್ಚುವುದಿಲ್ಲ ನೀನು. ಎಡಗಾಲನ್ನೇ ಒತ್ತಿ ಹಾರುತ್ತೀಯ, ಎಡಗಾಲ ಮೇಲೇ ಇಳಿಯುತ್ತೀಯ, ಹಾಗಾಗಿ ಯಾವಾಗಲೂ ಬಲಕ್ಕೇ ನುಗ್ಗುತ್ತೀಯ. ಅದನ್ನು ಎಷ್ಟು ಚೆಂದವಾಗಿ ಮರೆಮಾಚಿದ್ದೀಯೆಂದರೆ, ನೋಡುವವರಿಗೆ ಅದೇ ನಿನ್ನ ಶೈಲಿ.

ಕಳೆದ ಭಾನುವಾರ ನಮ್ಮ ಶೂ ರಾಶಿಯ ದಿನ. ಪ್ರತಿ ವರ್ಷದಂತೆ ಎಲ್ಲರೂ ಅಂಕಣದ ನಡುವಿನ ವೃತ್ತದಲ್ಲಿ ಶೂ ಸುರಿದು ಹೊಸ ಜೋಡಿ ಹುಡುಕಿಕೊಂಡರು. ಮಹಾಪಾದಳ ಕಾಲು ಲೈಟುಕಂಬಳ ಶೂವಿನೊಳಗೆ ಹೋದಾಗ ಎದ್ದ ಗದ್ದಲಕ್ಕೆ ಕಾವಲುಗಾರ ಓಡಿಬಂದ. ಗುಬ್ಬಿ ಮಾತ್ರ ನೀವಿಬ್ಬರೂ ಹಂಚಿಕೊಂಡ ಆ ಶೂವನ್ನು ರಾಶಿಗೆ ಹಾಕಲಿಲ್ಲ. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದು ಎರಡನ್ನೂ ತಲೆಕೆಳಗು ಮಾಡಿ ತೋರಿಸಿದಳು.

“ನೋಡಿ ಮಿಸ್. ಎಡಗಾಲಿನ ಅಟ್ಟೆ ಸವೆದು ಕಾಗದ ಆಗಿದೆ. ಬಲಗಾಲಿಂದು ಇನ್ನೂ ದಪ್ಪಗೇ ಇದೆ. ನಾನು ಎರಡೂ ಕಾಲಲ್ಲಿ ಓಡೋಳು. ಇದು ಅವಳ ಸವೆತ.”

ನಾನು ಅಟ್ಟೆಯ ಮೇಲೆ ಬೆರಳಾಡಿಸಿದೆ. “ಯಾವಾಗಿಂದ ಗೊತ್ತು?”

“ಮೊದಲನೇ ತಿಂಗಳಿಂದ. ಎಡಗಡೆ ಬಟ್ಟೆ ಮಡಚಿ ಇಟ್ಕೊಂಡೇ ಆಡ್ತಿದ್ದೆ. ಬೇರೆ ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ.” ಶೂವನ್ನು ಕಂಕುಳಲ್ಲಿ ಇಟ್ಟುಕೊಂಡಳು. “ಆದ್ರೆ ಮಿಸ್, ಪಂದ್ಯದ ದಿನ ಅವಳನ್ನ ಕಾಯೋದು ನಾನೇ. ಅವಳ ಬಲಗಡೆ ನಿಲ್ತೀನಿ. ಮಂಡಿ ತಂಟೆಗೆ ಹೋಗಲ್ಲ. ದಾರಿ ಮಾತ್ರ ಬಿಡಲ್ಲ.”

ನಾನು ಬೇಡ ಅನ್ನಲಿಲ್ಲ. ಅನ್ನುವ ಹಕ್ಕು ನನಗಿಲ್ಲ. ನಾನು ನಿನ್ನ ಬಿಸಿನೀರಿನ ಬಟ್ಟೆಯಲ್ಲಿ ಕಂಡುಕೊಂಡದ್ದನ್ನು ಅವಳು ತನ್ನ ಅಂಗಾಲಿನಲ್ಲಿ ಕಂಡುಕೊಂಡಿದ್ದಾಳೆ. ಅದು ಅವಳ ಸ್ವಂತದ್ದು. ಅವಳ ಗುಟ್ಟನ್ನು ನಿನಗೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. “ಅವಳಿಗೆ ಬರೀಲಾ?” ಅಂತ ಕೇಳಿದೆ. “ಬರೀರಿ ಮಿಸ್, ಗೊತ್ತಿದ್ದೇ ಆಡ್ಲಿ” ಅಂದಳು. ಅದಕ್ಕೇ ಹೇಳುತ್ತಿದ್ದೇನೆ: ಆಗಸ್ಟಿನ ಪಂದ್ಯದೊಳಗೆ ಎಡಕ್ಕೆ ಹೋಗುವುದನ್ನು ಕಲಿ. ನಿಮ್ಮ ವೈದ್ಯರಿಗೆ ಮಂಡಿ ತೋರಿಸು, ಮುಚ್ಚಿಡಬೇಡ.

ನೀನು ಅಲ್ಲಿಗೆ ಹೋದದ್ದು ತಪ್ಪು ಅಂತ ಒಂದು ದಿನವೂ ಅಂದವಳಲ್ಲ ನಾನು. ಒಳ್ಳೇ ಹಾಸಿಗೆ, ಹೊಟ್ಟೆ ತುಂಬ ಊಟ, ಮಂಡಿಗೆ ವೈದ್ಯ, ಇವೆಲ್ಲ ಆಡುವ ಪ್ರತಿ ಹುಡುಗಿಗೂ ಸಿಗಬೇಕು. ನಿನಗೆ ಸಿಕ್ಕಿದೆ, ಸಂತೋಷ. ಉಳಿದವರಿಗೆ ಯಾಕಿಲ್ಲ ಅನ್ನುವ ಜಗಳ ನನ್ನದು, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ. ಚೆನ್ನಾಗಿ ತಿನ್ನು, ಚೆನ್ನಾಗಿ ನಿದ್ದೆ ಮಾಡು, ಯಾರ ಮುಂದೆಯೂ ತಲೆ ತಗ್ಗಿಸಬೇಡ, ನನ್ನ ಮುಂದೆಯೂ. ನಿನ್ನ ಎರಡು ಕಾಲೂ ಗಟ್ಟಿಯಾಗಿರಲಿ. ಪಂದ್ಯ ಮಾತ್ರ ನಾವೇ ಗೆಲ್ಲಲಿ.

ನಿನ್ನ
ಅಮ್ಮ

ಮರೆತಿದ್ದಲ್ಲ, ಬರೆಯಲಾಗದೆ ಕೆಳಗುಳಿದದ್ದು: ರೇಡಿಯೋದಲ್ಲಿ ನಿನ್ನ ಸಂದರ್ಶನ ಬಂತಲ್ಲ, ಅವತ್ತು ಅಭ್ಯಾಸ ನಿಲ್ಲಿಸಿ ಎಲ್ಲರೂ ಬೆಂಚಿನ ಸುತ್ತ ಕೂತು ಕೇಳಿದೆವು. ನಿನ್ನ ದನಿ ಬಂದ ಕೂಡಲೇ ಗುಬ್ಬಿ ಎಲ್ಲರಿಗೂ “ಶ್!” ಅಂದಳು. ‘ಹಳೇ ಕಾಲೇಜಿನಲ್ಲಿ ಹೇಗಿತ್ತು?’ ಅಂತ ಸಂದರ್ಶಕರು ಕೇಳಿದರು. ‘ಅಯ್ಯೋ, ಅಲ್ಲಿ ನನಗೆ ಸ್ವಂತ ಶೂ ಕೂಡ ಇರಲಿಲ್ಲ’ ಅಂದೆ ನೀನು. ಅವರು ಪಾಪ ಅಂದರು. ನೀನೂ ಹೌದು ಅಂದೆ. ಗುಬ್ಬಿ ರೇಡಿಯೋ ಆರಿಸಿ ಬಂದು ನನ್ನ ಪಕ್ಕ ಕೂತಳು. “ನಿಜಾನೇ ಹೇಳಿದ್ಲು ಮಿಸ್. ಅವಳಿಗೆ ಇರ್ಲಿಲ್ಲ. ನಂಗೂ ಇರ್ಲಿಲ್ಲ. ನಮ್ಮಿಬ್ಬರಿಗೂ ಸೇರಿ ಒಂದಿತ್ತು. ಅದನ್ನ ಯಾಕೆ ಹೇಳ್ಲಿಲ್ಲ ಅವಳು?” ಅಂದಳು. ಉತ್ತರ ನೀನೇ ಕೊಡು. ನೀನು ಹೋದ ಮೇಲೆ ಆ ಅಳತೆಯ ಪಾದ ಇನ್ನೊಂದು ಸಿಕ್ಕಿಲ್ಲ, ಹಾಗಾಗಿ ಗುಬ್ಬಿಗೂ ಈಗ ಸ್ವಂತ ಶೂ ಇದೆ. ಆಟದ ನಡುವೆ ಉಸಿರು ಕಟ್ಟಿದಾಗ ಅವಳು ಈಗಲೂ ಬೆಂಚಿನ ಕಡೆ ಓಡಿಬರುತ್ತಾಳೆ, ಬಗ್ಗಿ ಆ ಗಂಟು ಬಿಚ್ಚಲು ಶುರು ಮಾಡುತ್ತಾಳೆ. ಆಮೇಲೆ ತಲೆಯೆತ್ತಿ ನೋಡಿ, ಮತ್ತೆ ಕಟ್ಟಿಕೊಂಡು ಒಳಗೆ ಹೋಗುತ್ತಾಳೆ.